ಮೇಗುಟಿಯ ಮೂವತ್ತು ಸೆಕೆಂಡು

ಐಹೊಳೆಯ ಮೇಗುಟಿ ಗುಡ್ಡವನ್ನು ಎಷ್ಟು ಸಲ ಹತ್ತಿದ್ದೇನೆಂಬ ಲೆಕ್ಕ ನನ್ನಲ್ಲಿಲ್ಲ. ವಿದ್ಯಾರ್ಥಿಯಾಗಿ ಹತ್ತಿದ್ದೇನೆ, ಮುಂದೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹತ್ತಿದ್ದೇನೆ. 2019ರ ಜನವರಿಯ ಒಂದು ಸಂಜೆ ಮನೆಮಂದಿಯೆಲ್ಲರೊಡನೆ ಹತ್ತಿದೆ. ಅಂದು ಜೇಬಿನಲ್ಲಿ ಟಿಪ್ಪಣಿ ಪುಸ್ತಕದ ಬದಲು ಮೊಬೈಲು ಮಾತ್ರ ಇತ್ತು.

ಅಲ್ಲಿನ ಜಿನಾಲಯದ ಪೂರ್ವದ ಹೊರಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿರುವುದು ಓದುಗರಿಗೆ ತಿಳಿದ ಸಂಗತಿ. 19 ಸಾಲುಗಳು, ಭಾಷೆ ಸಂಸ್ಕೃತ, ಲಿಪಿ ಕನ್ನಡ. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಹೊಗಳಿ, ಕೊನೆಗೆ ತನ್ನ ಕೀರ್ತಿಯೂ ಕಾಳಿದಾಸ ಭಾರವಿಯರದಕ್ಕೆ ಸಮನೆಂದು ಹೇಳಿಕೊಳ್ಳಲು ಕವಿ ಸಂಕೋಚಪಟ್ಟಿಲ್ಲ. ಪೂರ್ವದ ಗೋಡೆಯಾದ್ದರಿಂದ ಸಂಜೆ ಅದು ನೆರಳಿನಲ್ಲಿರುತ್ತದೆ. ಅಕ್ಷರ ಎದ್ದು ಕಾಣಬೇಕಾದರೆ ಬೆಳಗಿನ ಓರೆ ಬಿಸಿಲು ಬೇಕು. ಇದು ತಿಳಿದಿದ್ದೂ ನಾನು ವಿಡಿಯೋ ಮಾಡಲು ತೊಡಗಿದೆ. ಮೊಬೈಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸುತ್ತ, ಬಾಯಲ್ಲಿ ಓದುತ್ತ ನಡೆದೆ. ಒಟ್ಟು ಎರಡು ನಿಮಿಷ ನಲವತ್ತು ಸೆಕೆಂಡು. ನಡುವೆ ಎಲ್ಲೋ, ಗೋಡೆಯ ಮೂಲೆಯ ಆಚೆ ಕಲ್ಲಿನ ಮೇಲೆ ಕುಳಿತಿದ್ದ ಅವ್ವ ಕೂಗಿದಳು: "ತಮ್ಮಾ, ಹೊತ್ತ ಮುಳಗಾಕ ಬಂತು. ಬುತ್ತಿ ಬಿಚ್ಚೂಣ ಬಾ. ಕಲ್ಲೇನ ಎಲ್ಲಿಗೂ ಹೋಗೂದಿಲ್ಲ." ಆಗ ಅವಳಿಗೆ 78 ವರ್ಷ. ಹೊತ್ತು ಮುಳುಗಿದ ಮೇಲೆ ಅವಳು ಅನ್ನ ಮುಟ್ಟುವವಳಲ್ಲ.

ನಾನು ಉತ್ತರ ಕೊಡಲಿಲ್ಲ. ಓದು ಕೆಟ್ಟಿತೆಂದು ಸಿಟ್ಟೂ ಬಂದಿತ್ತು.

ಅಂದೇ ರಾತ್ರಿ ಬಾದಾಮಿಯ ವಸತಿಗೃಹದಲ್ಲಿ ಕುಳಿತು ಆ ವಿಡಿಯೋವನ್ನು ಕತ್ತರಿಸಿದೆ. ವಾಟ್ಸಾಪ್ ಸ್ಟೇಟಸ್ಸಿಗೆ ಆಗ ಇದ್ದ ಮಿತಿ ಮೂವತ್ತು ಸೆಕೆಂಡು. ಅಕ್ಷರಗಳು ಸ್ವಲ್ಪವಾದರೂ ಸ್ಫುಟವಾಗಿದ್ದ ಭಾಗವನ್ನು ಉಳಿಸಿಕೊಂಡು, ಧ್ವನಿಯನ್ನು ಪೂರ್ತಿ ತೆಗೆದು, ಒಂದು ಕೊಳಲಿನ ನಾದವನ್ನು ಸೇರಿಸಿದೆ. ಶಿಷ್ಯರು ಮೆಚ್ಚಿದರು. ಕೆಲವು ತಿಂಗಳ ಮೇಲೆ ಮೊಬೈಲಿನಲ್ಲಿ ಜಾಗ ಸಾಲದೆ ಬಂದಾಗ ಉದ್ದದ ಮೂಲವನ್ನು ಅಳಿಸಿದೆ. 'ಸಂಸ್ಕರಿಸಿದ ಪ್ರತಿ ಇದೆಯಲ್ಲ' ಎಂಬ ಭರವಸೆ. ಗ್ರಂಥಸಂಪಾದನೆಯನ್ನು ಮೂವತ್ತು ವರ್ಷ ಪಾಠ ಹೇಳಿದವನು, ಮೂಲಪ್ರತಿಯನ್ನು ನಾಶಮಾಡಬಾರದೆಂದು ಪರೀಕ್ಷೆಯಲ್ಲಿ ಪ್ರಶ್ನೆ ಹಾಕಿದವನು, ಮಾಡಿದ ಕೆಲಸವಿದು.

2023ರಲ್ಲಿ ಅವ್ವ ತೀರಿಕೊಂಡಳು.

ಮನೆಯ ವಿಡಿಯೋಗಳನ್ನು ಕುರಿತು ಬರೆಯಬೇಕೆನ್ನಿಸಿದ್ದು ಆ ನಂತರ. ಈ ಪುಟಗಳ ಓದುಗರಿಗೆ ವಸ್ತು ಲಘುವೆನಿಸೀತು. ಆದರೆ ಶಾಸನ, ಓಲೆಗರಿ, ಕೈಫಿಯತ್ತುಗಳ ನಡುವೆ ಬದುಕಿದವನಿಗೆ ಇದೂ ಆಕರವೆಂಬುದು ತಡವಾಗಿ ಹೊಳೆದಿದೆ. ಆ ತಡಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕಾಗಿದೆ.

ನಮ್ಮ ಮನೆಗೆ ವಿಡಿಯೋ ಬಂದದ್ದು ಅಪ್ಪನ ಕಾಲದಲ್ಲಿ. ದುಬೈಯಲ್ಲಿ ಕೆಲಸಕ್ಕಿದ್ದ ಸಂಬಂಧಿಯೊಬ್ಬರು 1990ರ ದಶಕದ ನಡುವೆ ಒಂದು ಹ್ಯಾಂಡಿಕ್ಯಾಮ್ ತಂದುಕೊಟ್ಟಿದ್ದರು. ಆಗ ಊರಿನವರಿಗೆ ವಿಡಿಯೋ ಎಂದರೆ ಮದುವೆಯ ವಿಡಿಯೋ: ಕಣ್ಣು ಕುಕ್ಕುವ ದೀಪ, ಹೃದಯದಾಕಾರದೊಳಗೆ ವಧೂವರರ ಮುಖ, ಮೇಲಿನಿಂದ ಸುರಿಯುವ ಗುಲಾಬಿ, ಹಿನ್ನೆಲೆಗೆ ಸಿನಿಮಾ ಹಾಡು. ಮೂರು ಗಂಟೆಯ ಆ ಕ್ಯಾಸೆಟ್ಟಿನಲ್ಲಿ ಯಾರೊಬ್ಬರ ಮಾತೂ ಕೇಳಿಸುತ್ತಿರಲಿಲ್ಲ. ಅಪ್ಪ ಮಾಡಿದ್ದು ಬೇರೆ. ಕಣದಲ್ಲಿ ಜೋಳದ ರಾಶಿ, ಕಟ್ಟೆಯ ಮೇಲೆ ಅವ್ವ ಹಸನುಮಾಡುತ್ತಿದ್ದ ಕಡಲೆ, ನನ್ನ ತಮ್ಮನ ಮಗಳ ತೊಟ್ಟಿಲು, ಗೋಕಾಕದ ಜಲಪಾತದ ಮುಂದೆ ನಿಂತು ಏನು ಮಾಡಬೇಕೆಂದು ತೋಚದೆ ಫೋಟೋಗೆ ನಿಂತಂತೆ ಅಲುಗಾಡದೆ ನಿಂತ ಹನ್ನೊಂದು ಮಂದಿ. ವಿಡಿಯೋದಲ್ಲಿ ಚಲಿಸಬಹುದೆಂಬುದು ನಮಗಾರಿಗೂ ಅಭ್ಯಾಸವಾಗಿರಲಿಲ್ಲ. ಅಪ್ಪ ಹಿಂದಿನಿಂದ "ಅಳ್ಳಾಡ್ರೆಪಾ" ಎಂದು ಕೂಗುತ್ತಾನೆ. ಎಲ್ಲರೂ ಒಮ್ಮೆಲೇ ಕೈ ಬೀಸುತ್ತಾರೆ.

ಆ ಕ್ಯಾಸೆಟ್ಟುಗಳಲ್ಲಿ ಅಪ್ಪನಿಲ್ಲ. ಹಿಡಿದವನು ಕಾಣುವುದಿಲ್ಲವೆಂಬುದು ಈ ಪ್ರಕಾರದ ನಿಯಮ. ಓಲೆಯ ಲಿಪಿಕಾರನಿಗೆ ಕಡೆಗೆ ಒಂದು ಅವಕಾಶವಿತ್ತು. ಬೆನ್ನು ಬಾಗಿ, ಕತ್ತು ಸೆಟೆದು, ಕಣ್ಣು ಸೋತು ಬರೆದಿದ್ದೇನೆ, ಜತನದಿಂದ ಕಾಪಾಡಿ ಎಂದು ಅವನು ಗ್ರಂಥದ ಕೊನೆಯಲ್ಲಿ ಕೇಳಿಕೊಳ್ಳುತ್ತಿದ್ದ. ಅಪ್ಪನಿಗೆ ಅದೂ ಇಲ್ಲ. ಒಂದೇ ಒಂದು ಕಡೆ, ಸಂಜೆಯ ಹೊತ್ತಿನ ಕಣದ ದೃಶ್ಯದಲ್ಲಿ, ಅವನ ನೆರಳು ಜೋಳದ ರಾಶಿಯ ಮೇಲೆ ಉದ್ದಕ್ಕೆ ಬಿದ್ದಿದೆ. ತಲೆಯ ಮೇಲೆ ಟೊಪ್ಪಿಗೆ, ಮುಖದ ಮುಂದೆ ಎತ್ತಿದ ಕೈ.

ಈ ಕ್ಯಾಸೆಟ್ಟುಗಳನ್ನು ಹುಬ್ಬಳ್ಳಿಯಲ್ಲಿ ಡಿಜಿಟಲ್‌ಗೆ ಇಳಿಸಿಕೊಂಡ ಮೇಲೆ ಕಾಲನಿರ್ಣಯದ ಸಮಸ್ಯೆ ಎದುರಾಯಿತು. ಅಪ್ಪ ಕ್ಯಾಮೆರಾದ ದಿನಾಂಕವನ್ನು ಎಂದೂ ಸರಿಪಡಿಸಿರಲಿಲ್ಲ. ಪರದೆಯ ಮೂಲೆಯಲ್ಲಿ ಸದಾ ಜನವರಿ ಒಂದು. ಶಾಸನದಲ್ಲಿ ಶಕವರ್ಷ ತಪ್ಪಿದ್ದಾಗ ನಾವು ತಿಥಿ, ವಾರ, ನಕ್ಷತ್ರ, ಗ್ರಹಣ, ಲಿಪಿಯ ತಿರುವು ಇವುಗಳ ಮೊರೆಹೋಗುತ್ತೇವೆ. ಇಲ್ಲಿಯೂ ಹಾಗೆಯೇ ಮಾಡಬೇಕಾಯಿತು. ಮಗುವಿಗೆ ಎಷ್ಟು ಹಲ್ಲು? ಪಡಸಾಲೆಯ ಕಿಟಕಿಗೆ ಹಸಿರು ಬಣ್ಣವೋ ನೀಲಿಯೋ? ಅತ್ತೆಯ ಕೈಯಲ್ಲಿ ಊರುಗೋಲು ಬಂದಿದೆಯೋ ಇಲ್ಲವೋ? ಒಂದು ದೃಶ್ಯದಲ್ಲಿ ತಮ್ಮನ ಮಗಳು ಹೊಸ್ತಿಲು ದಾಟಿ ಮೊದಲ ಸಲ ನಡೆಯುತ್ತಾಳೆ. ಯಾರೂ ಅವಳನ್ನು ನೋಡುತ್ತಿಲ್ಲ. ಗಂಡಸರೆಲ್ಲ ಬೆನ್ನು ತಿರುಗಿಸಿ ಟಿ.ವಿ.ಯ ಮುಂದಿದ್ದಾರೆ. ಶಾರ್ಜಾದಲ್ಲಿ ಆಸ್ಟ್ರೇಲಿಯದ ವಿರುದ್ಧ ಸಚಿನ್ ಆಡುತ್ತಿರುವುದು ವೀಕ್ಷಕ ವಿವರಣೆಯಿಂದ ತಿಳಿಯುತ್ತದೆ. ಹಾಗಾದರೆ 1998ರ ಏಪ್ರಿಲ್. ಆ ಹುಡುಗಿ ನಡೆಯಲು ಕಲಿತ ತಿಂಗಳು ಯಾವುದೆಂಬುದಕ್ಕೆ ನಮ್ಮ ಮನೆಯಲ್ಲಿ ಉಳಿದಿರುವ ಏಕೈಕ ಪ್ರಮಾಣ ಅವಳಿಗೆ ಬೆನ್ನು ಹಾಕಿದ್ದ ಆ ಟಿ.ವಿ.

ಮನೆಯ ವಿಡಿಯೋದಲ್ಲಿ ಹಿಡಿಯಲು ಹೊರಟದ್ದಕ್ಕಿಂತ ತಾನಾಗಿ ಸಿಕ್ಕಿಬಿದ್ದದ್ದೇ ಕಾಲಕ್ರಮದಲ್ಲಿ ತೂಕ ಪಡೆಯುತ್ತದೆ. ಇದು ಈ ಮಾಧ್ಯಮದ ಹುಟ್ಟಿನಿಂದಲೂ ಇರುವ ಗುಣ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ತೋರಿಸಿದ ಹತ್ತು ತುಣುಕುಗಳಲ್ಲಿ ಒಂದು ಅಪ್ಪಟ ಮನೆಯ ಚಿತ್ರ. ಅಣ್ಣ ಆಗಸ್ಟ್ ಮತ್ತು ಅವನ ಹೆಂಡತಿ ತೋಟದ ಮೇಜಿನ ಮುಂದೆ ಕುಳಿತು ತಮ್ಮ ಕೂಸಿಗೆ ಉಣಿಸುತ್ತಾರೆ. ಒಂದು ನಿಮಿಷವೂ ಇಲ್ಲ. ತಮ್ಮ ಲೂಯಿ ಕ್ಯಾಮೆರಾದ ಹಿಂದಿದ್ದ. ಅಂದಿನ ಪ್ರೇಕ್ಷಕರು ಕೂಸಿಗಿಂತ ಹೆಚ್ಚಾಗಿ ಬೆರಗಾದದ್ದು ಹಿಂದಿನ ಗಿಡಗಳ ಎಲೆಗಳು ಗಾಳಿಗೆ ಅಲುಗಿದ್ದಕ್ಕೆ ಎನ್ನುತ್ತಾರೆ. ನಾಟಕದ ಪರದೆಯ ಮೇಲೆ ಮರವನ್ನು ಬರೆಯಬಹುದು, ಎಲೆಗಳನ್ನು ಅಲುಗಿಸಲಾಗದು. ನೂರಹತ್ತು ವರ್ಷಗಳ ಮೇಲೆ, 2005ರ ಏಪ್ರಿಲ್ 23ರಂದು, ಯೂಟ್ಯೂಬಿಗೆ ಏರಿದ ಮೊತ್ತಮೊದಲ ವಿಡಿಯೋ ಕೂಡ ಪ್ರವಾಸದ ಒಂದು ತುಣುಕೇ. ಸ್ಯಾನ್ ಡಿಯಾಗೋದ ಪ್ರಾಣಿಸಂಗ್ರಹಾಲಯದಲ್ಲಿ ಆ ತಾಣದ ಸ್ಥಾಪಕರಲ್ಲೊಬ್ಬ ಆನೆಗಳ ಮುಂದೆ ನಿಂತು, ಅವುಗಳ ಸೊಂಡಿಲು ಉದ್ದವಾಗಿದೆ ಎನ್ನುತ್ತಾನೆ. 19 ಸೆಕೆಂಡು. ನಮ್ಮ ಗೋಕಾಕದ ಹನ್ನೊಂದು ಮಂದಿಗೂ ಅವನಿಗೂ ಮಾತಿನಲ್ಲಿ ಹೆಚ್ಚು ಅಂತರವಿಲ್ಲ.

ಶಾಸನಗಳನ್ನು ಓದುವ ವಿದ್ಯಾರ್ಥಿಗಳಿಗೆ ಈ ಎಲೆಗಳ ಕಥೆ ಹೊಸದಾಗಬೇಕಿಲ್ಲ. ದಾನಶಾಸನವೊಂದನ್ನು ಎತ್ತಿಕೊಳ್ಳಿ. ಮೊದಲರ್ಧ ಪ್ರಶಸ್ತಿ, ಬಿರುದಾವಳಿ ಒಬ್ಬ ಅರಸನಿಂದ ಇನ್ನೊಬ್ಬನಿಗೆ ಅಚ್ಚುಹಾಕಿದಂತೆ ಸಾಗುತ್ತದೆ. ಅಲ್ಲಿ ಎಲ್ಲರೂ ಶೂರರು, ಎಲ್ಲರೂ ದಾನಿಗಳು. ಕೊನೆಗೆ ಸೀಮೆಯ ವಿವರ ಬರುತ್ತದೆ. ಮೂಡಲು ಒಂದು ಹುಣಿಸೆಯ ಮರ, ತೆಂಕಲು ಹುತ್ತ, ಪಡುವಲು ಹಳ್ಳ, ಬಡಗಲು ಹಾಸುಗಲ್ಲು. ಬರೆಸಿದವನಿಗೆ ಅದು ಕೇವಲ ವ್ಯವಹಾರ. ಸಾವಿರ ವರ್ಷದ ಮೇಲೆ ಓದುವ ನನಗೆ ಊರು ಕಾಣಿಸುವುದು ಆ ಹುತ್ತದಿಂದ. ಕ್ರಿ.ಶ. 949–50ರ ಆತಕೂರಿನ ಕಲ್ಲು ಇದಕ್ಕೆ ಇನ್ನೂ ಒಳ್ಳೆಯ ನಿದರ್ಶನ. ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಸುದ್ದಿ ಅದರಲ್ಲಿದೆ, ದಕ್ಷಿಣ ಭಾರತದ ಇತಿಹಾಸದ ದಿಕ್ಕನ್ನೇ ಬದಲಿಸಿದ ಸಂಗತಿ. ಆದರೆ ಆ ಕಲ್ಲಿನ ಮೇಲೆ ಕೊರೆದ ಚಿತ್ರ ನಾಯಿ ಮತ್ತು ಹಂದಿಯದು. ಬೂತುಗನ ವೀರ ಮಣಲೆರ ಅರಸನಿಂದ ಕೇಳಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಿ, ಎರಡೂ ಸತ್ತವು. ಅದರ ನೆನಪಿಗೆ ಆ ಕಲ್ಲು. ತರಗತಿಯಲ್ಲಿ ನಾನು ತಕ್ಕೋಲವನ್ನು ವಿವರಿಸುತ್ತಿದ್ದರೆ ಹುಡುಗರ ಕಣ್ಣು ಕಾಳಿಯ ಮೇಲೆಯೇ ಇರುತ್ತಿತ್ತು. ಇಂದು ಪ್ರತಿ ಮನೆಯ ಮೊಬೈಲಿನಲ್ಲೂ ನಾಯಿಯ ನಾಲ್ಕು ವಿಡಿಯೋಗಳಿರುವುದನ್ನು ನೋಡಿದಾಗ ಮಣಲೆರ ನಮ್ಮ ಓಣಿಯವನೇ ಅನ್ನಿಸುತ್ತದೆ.

ಭಾಷೆಯ ದೃಷ್ಟಿಯಿಂದಲೂ ಈ ಸಾಮಗ್ರಿ ಗಮನಾರ್ಹವಾದುದು. ಧಾರವಾಡದ ಆಕಾಶವಾಣಿಯಿಂದಾಗಿ ಬೇಂದ್ರೆಯವರ ಧ್ವನಿ ನಮಗೆ ಉಳಿಯಿತು, ಅದು ಪುಣ್ಯ. ಆದರೆ ಅದು ಧ್ವನಿವರ್ಧಕದ ಮುಂದೆ ಕುಳಿತ ಕವಿಯ ಮಾತು. ಉಪ್ಪು ಕೇಳುವಾಗಿನ, ಮಕ್ಕಳನ್ನು ಗದರುವಾಗಿನ ಮಾತು ಯಾವ ದೊಡ್ಡವರದೂ ನಮಗೆ ಸಿಕ್ಕಿಲ್ಲ. ಉಪಭಾಷೆಗಳ ಕ್ಷೇತ್ರಕಾರ್ಯಕ್ಕೆ ಹೋದವರಿಗೆ ಗೊತ್ತು: ರೆಕಾರ್ಡರ್ ಮುಂದಿಟ್ಟ ಕೂಡಲೇ ಹಳ್ಳಿಯ ಮುದುಕಿಯೂ ಪುಸ್ತಕದ ಕನ್ನಡಕ್ಕೆ ಏರುತ್ತಾಳೆ. ಅಪ್ಪನ ಕ್ಯಾಸೆಟ್ಟುಗಳಲ್ಲಿ ಕ್ಯಾಮೆರಾದ ಮುಂದಿದ್ದವರು ಹಾಗೆಯೇ ಏರಿದ್ದಾರೆ. ಹಿಂದೆ, ಒಳಗೆ, ಅಡುಗೆಮನೆಯಲ್ಲಿ ಇದ್ದವರು ಏರಿಲ್ಲ. ಒಂದು ಹಬ್ಬದ ದೃಶ್ಯದ ಹಿಂದಿನಿಂದ ಅವ್ವ ಮತ್ತು ಅತ್ತೆ ಹೋಳಿಗೆಯ ಹೂರಣದ ಹದವನ್ನು ಕುರಿತು ಆಡುವ ಜಗಳವನ್ನು ನಾನು ಅಕ್ಷರಕ್ಕಿಳಿಸಿದ್ದೇನೆ. ನಮ್ಮ ಮನೆಯ ಹೊಸ ಪೀಳಿಗೆ ಬಳಸದ ಎಂಟೊಂಬತ್ತು ಕ್ರಿಯಾರೂಪಗಳು ಆ ಒಂದೂವರೆ ನಿಮಿಷದಲ್ಲಿವೆ.

ಮಾಡುವುದು ಒಂದು, ಹಂಚುವುದು ಇನ್ನೊಂದು. ಅಪ್ಪನ ಕಾಲದಲ್ಲಿ ಹಂಚಿಕೆಯೆಂದರೆ ನೆಂಟರು ಬಂದಾಗ ಟಿ.ವಿ.ಗೆ ತಂತಿ ಸಿಕ್ಕಿಸಿ ಎಲ್ಲರೂ ಕೂಡಿ ನೋಡುವುದು. ನೋಡುವವರಲ್ಲಿ ಬಹುಪಾಲು ಅದರೊಳಗೇ ಇದ್ದವರು. ಈಗ ನಮ್ಮ ಕುಟುಂಬಕ್ಕೊಂದು ವಾಟ್ಸಾಪ್ ಗುಂಪಿದೆ. ಕೆಲವು ವರ್ಷಗಳ ಹಿಂದೆ ಪ್ರವಾಸವೊಂದರಲ್ಲಿ, ಬಸ್ಸಿನ ಕಿಟಕಿಗೆ ತಲೆಯಾನಿಸಿ ಬಾಯಿ ತೆರೆದು ನಿದ್ದೆಹೋಗಿದ್ದ ಅತ್ತೆಯನ್ನು ನಮ್ಮ ಹುಡುಗನೊಬ್ಬ ಹನ್ನೆರಡು ಸೆಕೆಂಡು ಚಿತ್ರಿಸಿ ಗುಂಪಿಗೆ ಹಾಕಿದ. ಎಲ್ಲರೂ ನಕ್ಕೆವು, ನಗುವ ಮುಖದ ಚಿಹ್ನೆಗಳನ್ನು ನಾನೂ ಕಳಿಸಿದೆ. ಅದು ಗುಂಪಿನಿಂದ ಗುಂಪಿಗೆ ಹಾರಿ ಅತ್ತೆಯ ಬೀಗರ ಮನೆ ತಲುಪಿತು. ಅವಳಿಗೆ ವಿಷಯ ತಿಳಿದದ್ದು ಅಲ್ಲಿಯೇ, ಒಂದು ಸೀಮಂತದ ದಿನ, ಯಾರೋ ಎಲ್ಲರೆದುರು ತೋರಿಸಿ ನಕ್ಕಾಗ. ಅವಳು ಜಗಳವಾಡಲಿಲ್ಲ. ಮುಂದಿನ ವರ್ಷ ಪ್ರವಾಸಕ್ಕೆ ಕರೆದಾಗ, "ನೀವ ಹೋಗಿ ಬರ್ರಿ, ನನಗ ಬಸ್ಸಿನಾಗ ನಿದ್ದಿ ಹತ್ತತೈತಿ" ಎಂದಳು. ಆಮೇಲೆ ಅವಳು ಎಲ್ಲಿಗೂ ಬರಲಿಲ್ಲ.

ನಮ್ಮ ಹಿಂದಿನವರು ಇದರಲ್ಲಿ ವಿವೇಕಿಗಳು. ಶಿಲಾಶಾಸನ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ಎಲ್ಲರಿಗೂ ಕಾಣುವಂತೆ ನಿಲ್ಲುವುದು. ತಾಮ್ರಶಾಸನ ಹಾಗಲ್ಲ. ದಾನ ಪಡೆದವನ ಮನೆಯೊಳಗೆ, ಪೆಟ್ಟಿಗೆಯಲ್ಲಿ, ಕೆಲವೊಮ್ಮೆ ನೆಲದಡಿಯಲ್ಲಿ ಇರುವುದು. ಹಲಗೆಗಳನ್ನು ಬಳೆಗೆ ಪೋಣಿಸಿ ಮುದ್ರೆ ಒತ್ತಿರುತ್ತಿದ್ದರು. ಯಾವುದು ಕಲ್ಲಿಗೆ, ಯಾವುದು ತಾಮ್ರಕ್ಕೆ ಎಂಬ ತಿಳಿವು ಬರೆಯುವ ಮೊದಲೇ ಇತ್ತು. ನಮ್ಮ ಹುಡುಗ ತಾಮ್ರದ್ದನ್ನು ಕಲ್ಲಿಗೆ ಹಾಕಿದ. ನಾವೆಲ್ಲ ನಕ್ಕು ಅದಕ್ಕೆ ಮುದ್ರೆ ಒತ್ತಿದೆವು. ಈಗ ಯಾರದೇ ವಿಡಿಯೋ ಕಳಿಸುವ ಮುನ್ನ ಅವರಿಗೆ ತೋರಿಸಿ ಕೇಳುತ್ತೇನೆ. ಮಕ್ಕಳು ಇದನ್ನು ನನ್ನ ವಯಸ್ಸಿನ ಲಕ್ಷಣವೆಂದು ತಿಳಿದಿದ್ದಾರೆ.

ತಾಮ್ರಪಟಗಳ ಮಾತು ಬಂದಮೇಲೆ ಕೂಟಶಾಸನಗಳನ್ನು ನೆನೆಯದೆ ಇರಲಾಗದು. ಗಂಗರ ಹಲವು ತಾಮ್ರಪಟಗಳು ಕೃತಕವೆಂದು ಫ್ಲೀಟ್ ಎತ್ತಿದ ವಾದ ನಮ್ಮಲ್ಲಿ ಬಹುಕಾಲ ಚರ್ಚೆಗೆ ಕಾರಣವಾಯಿತು. ಒಮ್ಮೊಮ್ಮೆ ಹೀಗೂ ಆಗಿರಬಹುದು: ನಿಜವಾದ ದಾನದ ಹಲಗೆ ಕಳೆದುಹೋಗಿ, ವಾರಸುದಾರರು ಹೊಸದನ್ನು ಬರೆಸುವಾಗ ಹಳೆಯದಕ್ಕಿಂತ ಚೆಂದವಾಗಿ ಬರೆಸಿರಬಹುದು. ಕೊಳಲಿನ ನಾದ ಸೇರಿಸಿದ ನನ್ನ ಮೂವತ್ತು ಸೆಕೆಂಡು ಆ ಜಾತಿಯದು. ಸ್ಥಳ ನಿಜ, ಕಲ್ಲು ನಿಜ, ಆ ಸಂಜೆಯ ಬೆಳಕೂ ನಿಜ. ಆದರೆ ಮೇಗುಟಿಯ ಮೇಲೆ ಅಂದು ಯಾರೂ ಕೊಳಲು ನುಡಿಸಿರಲಿಲ್ಲ.

ಅವ್ವ ಹೋಗಿ ವರ್ಷ ತುಂಬುವ ಹೊತ್ತಿಗೆ ನಾನು ಹುಡುಕತೊಡಗಿದೆ. ಹಳೆಯ ಮೊಬೈಲು, ಮಗನ ಲ್ಯಾಪ್‌ಟಾಪು, ಹೆಸರಿಲ್ಲದ ಮೂರು ಪೆನ್‌ಡ್ರೈವುಗಳು. ಅವ್ವನ ಫೋಟೋಗಳು ಸಾಕಷ್ಟು ಸಿಕ್ಕವು. ವಿಡಿಯೋಗಳೂ ಸಿಕ್ಕವು, ಅವುಗಳಲ್ಲಿ ಅವಳು ಕೈಮುಗಿಯುತ್ತಾಳೆ, ಸೆರಗು ಸರಿಮಾಡಿಕೊಳ್ಳುತ್ತಾಳೆ, "ಸಾಕ ಬಿಡ" ಎನ್ನುತ್ತಾಳೆ. ನನಗೆ ಬೇಕಾಗಿದ್ದ ಆ ಒಂದು ಕೂಗು ಎಲ್ಲೂ ಇರಲಿಲ್ಲ.

ನ್ಯೂಜೆರ್ಸಿಯಲ್ಲಿರುವ ತಮ್ಮನ ಮಗಳು, ಶಾರ್ಜಾದ ಪಂದ್ಯದ ದಿನ ನಡೆದವಳು, ಒಂದು ಭಾನುವಾರ ವಿಡಿಯೋ ಕರೆಯಲ್ಲಿ ಮಾತಾಡುತ್ತಿದ್ದಾಗ ಈ ವಿಷಯ ಬಂತು. "ದೊಡ್ಡಪ್ಪಾ, ಅದು ನನ್ನ ಕಡೆ ಐತೆಲ್ಲಾ" ಎಂದಳು. ಅಂದು ಬಾದಾಮಿಯಲ್ಲಿ, ಕತ್ತರಿಸುವ ಮೊದಲು, ಎಲ್ಲಿಗೆ ಹೋಗಿದ್ದಿರಿ ತೋರಿಸಿ ಎಂದು ಅವಳು ಕೇಳಿದ್ದಕ್ಕೆ ಉದ್ದದ್ದನ್ನೇ ಕಳಿಸಿದ್ದೆನಂತೆ. ನನಗೆ ಅದರ ನೆನಪೂ ಇರಲಿಲ್ಲ. ಆಗ ಅವಳು ಆ ದೇಶಕ್ಕೆ ಹೋಗಿ ಆರು ತಿಂಗಳಾಗಿತ್ತಷ್ಟೆ; ಆಯಿಯ ದನಿ ಇದೆಯೆಂದು ತೆಗೆದಿಟ್ಟುಕೊಂಡಿದ್ದಳು. ಅವಳ ಮೂರು ವರ್ಷದ ಮಗ ಪಕ್ಕದಲ್ಲೇ ಆಡುತ್ತಿದ್ದವನು, ಮಾತು ಕೇಳಿಸಿಕೊಂಡು, ಅರ್ಥ ಎಷ್ಟು ತಿಳಿದಿತ್ತೋ, "ಬುತ್ತಿ ಬಿಚ್ಚೂಣ ಬಾ" ಎಂದ. ಊಟದ ಡಬ್ಬಿ ತೆರೆಯುವಾಗ ಅವರ ಮನೆಯಲ್ಲಿ ಹಾಗೆ ಹೇಳುವುದು ರೂಢಿಯಾಗಿದೆಯಂತೆ. ಬುತ್ತಿಯೆಂದರೆ ಪ್ಲಾಸ್ಟಿಕ್ ಡಬ್ಬಿಯೆಂದೇ ಅವನು ತಿಳಿದಿದ್ದಾನೆ.

ಅವಳು ಕಳಿಸಿದ ಪ್ರತಿಯನ್ನು ಕಂಪ್ಯೂಟರಿನ ದೊಡ್ಡ ಪರದೆಯ ಮೇಲೆ ಹಾಕಿ ನೋಡಿದೆ. ವಾಟ್ಸಾಪಿನಲ್ಲಿ ಹೋಗಿಬರುವಾಗ ವಿಡಿಯೋ ಕುಗ್ಗುತ್ತದೆ. ದೃಶ್ಯದ ಸೂಕ್ಷ್ಮಗಳೆಲ್ಲ ಮೆತ್ತಿಕೊಂಡಂತಾಗುತ್ತವೆ. ನೆರಳಿನ ಗೋಡೆ ಬೂದು ಚೌಕಗಳ ಹಾಸಾಗಿದೆ. ರವಿಕೀರ್ತಿಯ 19 ಸಾಲುಗಳಲ್ಲಿ ಒಂದು ಅಕ್ಷರವನ್ನೂ ಓದಲಾಗುವುದಿಲ್ಲ. ನನ್ನ ಓದು ಅಲ್ಲಲ್ಲಿ ಗಾಳಿಯ ಸದ್ದಿನಲ್ಲಿ ಮುಚ್ಚಿಹೋಗಿದೆ. ಒಂದು ನಿಮಿಷ ಐವತ್ತೆರಡನೆಯ ಸೆಕೆಂಡಿಗೆ ಅವ್ವ ಕೂಗುತ್ತಾಳೆ. ಅದು ಸ್ಪಷ್ಟವಾಗಿದೆ. ಅದಕ್ಕೂ ಮುಂಚೆ ಡಬ್ಬಿಯೊಂದರ ಮುಚ್ಚಳದ ಸದ್ದೂ ಇದೆ. ನಾನು ಬರುವ ಮೊದಲೇ ಅವಳು ಬುತ್ತಿ ಬಿಚ್ಚಲು ತೊಡಗಿದ್ದಳೆಂಬುದು ನನಗೆ ತಿಳಿದದ್ದು ಈಗ.

ಮನೆಯ ವಿಡಿಯೋಗಳಿಗೆಲ್ಲ ಒಂದು ದಾಖಲೆ ಪುಸ್ತಕ ಮಾಡಿದ್ದೇನೆ. ಶಾಸನಗಳ ಪಟ್ಟಿಯಂತೆ ಸ್ಥಳ, ಕಾಲ, ಅವಧಿ, ಹಿಡಿದವರು, ಕಾಣುವವರು ಎಂಬ ಅಂಕಣಗಳು. ಇದನ್ನು ನಮೂದಿಸಲು ಹೋದಾಗ ಇನ್ನೊಂದು ಅಂಕಣವನ್ನು ಕೈಯಿಂದ ಗೆರೆ ಎಳೆದು ಸೇರಿಸಬೇಕಾಯಿತು. ಸ್ಥಳ: ಐಹೊಳೆ, ಮೇಗುಟಿ. ಕಾಲ: ಜನವರಿ 2019, ಸಂಜೆ. ಅವಧಿ: 2 ನಿಮಿಷ 40 ಸೆಕೆಂಡು. ಹಿಡಿದವರು: ನಾನು. ಕಾಣುವವರು: ಯಾರೂ ಇಲ್ಲ. ಕೇಳುವವರು ಎಂದು ಬರೆದು, ತಪ್ಪಾಯಿತೆಂದು ಹೊಡೆದುಹಾಕಿ, ಕೇಳಿಸುವವರು ಎಂದು ಬರೆದೆ: ಅವ್ವ.